ಆಷಾಢಕ್ಕೊಂದು ಅಳಗುಳಿ ಮಣೆ: ಹನ್ನೊಂದು ಭಾನುವಾರಗಳ ಲೆಕ್ಕ

ತಂಗಿಗೆ ಮದುವೆಯಾದ ಮೇಲೆ ಇದು ಮೊದಲ ಆಷಾಢ. ನಮ್ಮ ಕಡೆ ಹೊಸ ಮದುಮಗಳು ಈ ತಿಂಗಳು ತವರಿನಲ್ಲೇ ಇರುತ್ತಾಳೆ. ಏಪ್ರಿಲ್ ಕೊನೆಯಲ್ಲಿ ಫೋನ್ ಮಾಡಿದವಳು ಕೇಳಿದಳು: "ಅಣ್ಣಾ, ನಮ್ಮ ಅಳಗುಳಿ ಮಣೆ ಇದೆಯಾ? ಮಳೆ ಹಿಡಿದ್ರೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ದಿನಾ ಆಡೋಣ."

ಅಟ್ಟ ಹತ್ತಿ ನೋಡಿದೆ. ಮಣೆ ಇತ್ತು, ಆದರೆ ಎತ್ತಿದರೆ ಭಾರವೇ ಇಲ್ಲ. ಒಳಗಿನ ಮರವನ್ನೆಲ್ಲ ಗೆದ್ದಲು ತಿಂದು ಮೇಲಿನ ಸಿಪ್ಪೆ ಮಾತ್ರ ಬಿಟ್ಟಿತ್ತು. ಹೆಬ್ಬೆರಳು ಒತ್ತಿದ ಕಡೆ ಪುಡಿಯಾಗಿ ಉದುರಿತು. ಅಜ್ಜಿ ಆಡಿದ ಮಣೆ ಅದು, ಅಮ್ಮ ಆಡಿದ್ದು, ನಾವಿಬ್ಬರೂ ಜಗಳವಾಡಿಕೊಂಡು ಆಡಿದ್ದು. ಆವತ್ತು ರಾತ್ರಿಯೇ ತಂಗಿಗೆ "ಇದೆ, ಬಾ" ಅಂತ ಮೆಸೇಜ್ ಹಾಕಿಬಿಟ್ಟೆ. ಹೇಳಿದ ಮೇಲೆ ಮಾಡಲೇಬೇಕಲ್ವಾ?

ನಮ್ಮೂರು ಆಲ್ದೂರಿನ ಹತ್ತಿರ. ವಾರವೆಲ್ಲ ಚಿಕ್ಕಮಗಳೂರಿನಲ್ಲಿ ಕೆಲಸ, ಶನಿವಾರ ಸಂಜೆ ಮನೆಗೆ. ಮರಗೆಲಸ ನನ್ನ ಭಾನುವಾರದ ಹವ್ಯಾಸ. ಇಲ್ಲಿಯವರೆಗೆ ಎರಡು ಸ್ಟೂಲು, ಒಂದು ಪುಸ್ತಕದ ಕಪಾಟು ಮಾಡಿದ್ದೇನೆ, ಗುಂಡಗೆ ಕೆತ್ತುವ ಕೆಲಸ ಮಾಡಿದ್ದಿಲ್ಲ. ಕೈಯಲ್ಲಿದ್ದ ಸಾಮಾನು: ಕೈಗರಗಸ, ಕೀಸುಳಿ, ಅರ್ಧ ಇಂಚು ಮತ್ತು ಒಂದು ಇಂಚಿನ ಚಪ್ಪಟೆ ಉಳಿ, ಕೊಡತಿ, ಮೂಲೆಮಟ್ಟ, ಒಂದು ಡ್ರಿಲ್ ಮಷೀನ್.

1. ಮೇ 11: ಅಳತೆ

ಒಂದೊಂದು ಕಡೆ ಏಳು ಗುಳಿ, ಒಟ್ಟು ಹದಿನಾಲ್ಕು. ನಮ್ಮ ಮನೆಯ ಲೆಕ್ಕದಲ್ಲಿ ಗುಳಿಗೆ ಐದು ಕಾಯಿ, ಒಟ್ಟು 70. ಕೆಲವು ಮನೆಗಳಲ್ಲಿ ನಾಲ್ಕರಂತೆ 56 ಹಾಕಿ ಆಡುತ್ತಾರೆ. ಆಟ ಸಾಗಿದಂತೆ ಒಂದೇ ಗುಳಿಯಲ್ಲಿ ಹದಿನೈದು, ಇಪ್ಪತ್ತು ಕಾಯಿ ಸೇರುವುದುಂಟು. ಅಷ್ಟು ಹಿಡಿಸಬೇಕು, ಒಂದೇ ಬಾಚಿಗೆ ಕೈಗೂ ಬರಬೇಕು.

ಕಾಗದದ ಮೇಲೆ ತೀರ್ಮಾನಿಸಿದ್ದು ಹೀಗೆ. ಉದ್ದಕ್ಕೆ ಮಡಚುವ ಎರಡು ಹಲಗೆ. ಪ್ರತಿ ಹಲಗೆ 22 ಇಂಚು ಉದ್ದ, ಮೂರೂವರೆ ಇಂಚು ಅಗಲ, ಒಂದೂವರೆ ಇಂಚು ದಪ್ಪ. ಗುಳಿಯ ಬಾಯಿ ಎರಡೂಕಾಲು ಇಂಚು, ಆಳ ಮುಕ್ಕಾಲು ಇಂಚು, ಗುಳಿಗಳ ನಡುವಿನ ಗೋಡೆ ಅರ್ಧ ಇಂಚು. ಮಡಚಿದರೆ ಗುಳಿಗಳು ಮುಖಾಮುಖಿಯಾಗಿ ಕಾಯಿಗಳು ಒಳಗೇ ಉಳಿಯಬೇಕು.

2. ಮೇ 18 ಮತ್ತು 25: ಸಿಲ್ವರ್ ಓಕ್, ಕೆಟ್ಟಿತು

ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರವೊಂದನ್ನು ಕುಯ್ಯಿಸಿದ್ದರು. ಅದರ ತುಂಡು ಹಲಗೆ ಪುಕ್ಕಟೆ ಸಿಕ್ಕಿತು. ಹಸಿ ಮರ, ಉಳಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಒಂದೇ ದಿನದಲ್ಲಿ ಮೂರು ಗುಳಿ ತೋಡಿದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಬೇಗ ಒಣಗಲಿ ಅಂತ ಹಲಗೆಯನ್ನು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಟ್ಟೆ. ಮುಂದಿನ ಭಾನುವಾರ ಬಂದು ನೋಡಿದರೆ ಒಂದು ತುದಿಯಿಂದ ಎರಡನೇ ಗುಳಿಯವರೆಗೆ ಸೀಳು ಬಿಟ್ಟಿದೆ. ಐದು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಗುತ್ತದೆ. ಹಲಗೆ ಹಪ್ಪಳದ ಹಾಗೆ ಬಾಗಿಯೂ ಬಾಗಿತ್ತು. ಹಸಿ ಮರದ ತುದಿಗಳು ಮೊದಲು ಒಣಗಿ ಕುಗ್ಗುತ್ತವೆ, ನಡುಭಾಗ ಇನ್ನೂ ಹಸಿಯಾಗಿರುತ್ತದೆ. ಆ ಎಳೆದಾಟಕ್ಕೆ ಮರ ಸೀಳುತ್ತದೆ. ಹಸಿ ಮರವೇ ಬೇಕಾದರೆ ತುದಿಗಳಿಗೆ ಪೇಂಟ್ ಬಳಿದು ನೆರಳಿನಲ್ಲಿ ತಿಂಗಳುಗಟ್ಟಲೆ ಬಿಡಬೇಕು. ನನ್ನ ಹತ್ತಿರ ಅಷ್ಟು ದಿನ ಇರಲಿಲ್ಲ.

ಈ ಹಲಗೆಯಲ್ಲೇ ಇನ್ನೊಂದು ತಪ್ಪೂ ಗೊತ್ತಾಯಿತು. ಗುರುತು ಹಾಕುವಾಗ ಒಂದು ತುದಿಯಿಂದ ಶುರು ಮಾಡಿ, ಒಂದು ಗುಳಿ, ಒಂದು ಗೋಡೆ, ಇನ್ನೊಂದು ಗುಳಿ ಅಂತ ಟೇಪು ಸರಿಸುತ್ತಾ ಹೋಗಿದ್ದೆ. ಪ್ರತಿ ಸಲ ಒಂದು ಮಿಲಿಮೀಟರ್ ಆಚೀಚೆ ಆಗಿ, ಏಳನೇ ಗುಳಿ ಬರುವಷ್ಟರಲ್ಲಿ ಆರು ಮಿಲಿಮೀಟರ್ ತಪ್ಪಿತ್ತು. ಮೊದಲು ಹಲಗೆಯ ನಟ್ಟನಡುವೆ ನಾಲ್ಕನೇ ಗುಳಿಯ ಕೇಂದ್ರ ಗುರುತಿಸಬೇಕು. ಅಲ್ಲಿಂದ ಎರಡೂ ಕಡೆಗೆ ಎರಡೂಮುಕ್ಕಾಲು, ಐದೂವರೆ, ಎಂಟೂಕಾಲು ಇಂಚು. ಟೇಪು ಕದಲಿಸದೆ ಒಂದೇ ಸಲ ಗುರುತು.

3. ಜೂನ್ 1: ಹಲಸಿನ ತೊಲೆ

ಹಳೇ ಕೊಟ್ಟಿಗೆ ಕೆಡವಿದಾಗ ಉಳಿದ ಹಲಸಿನ ತೊಲೆಗಳು ಶೆಡ್ಡಿನ ಮೂಲೆಯಲ್ಲಿದ್ದವು. ಮೇಲೆಲ್ಲ ಹೊಗೆ, ಸಗಣಿ ಹಿಡಿದು ಕಪ್ಪಾಗಿತ್ತು. ಕೀಸುಳಿ ಎರಡು ಸಲ ಆಡಿಸಿದೆ, ಒಳಗಿನ ಅರಿಶಿನ ಬಣ್ಣ ಕಂಡಿತು. ಅಪ್ಪ ಹೇಳಿದರು: "ಅದು ನಾನು ಹುಟ್ಟೋಕೆ ಮುಂಚಿನ ತೊಲೆ. ಇನ್ನು ಬಾಗೋದು, ಸೀಳೋದು ಏನೂ ಇಲ್ಲ."

ಹಳೇ ಮರದಲ್ಲಿ ಅಡಗಿದ ಮೊಳೆಯದೇ ಭಯ. ಮಿಲ್ಲಿನವರೂ ಮೊಳೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತರಬೇಕು ಅಂದರು. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮುಖದ ಮೇಲೆ ಓಡಿಸಿದೆ. ಒಂಬತ್ತು ಮೊಳೆ ಸಿಕ್ಕವು. ಮಿಲ್ಲಿನಲ್ಲಿ ಎರಡು ಹಲಗೆಯಾಗಿ ಸೀಳಿಸಲು 150 ರೂಪಾಯಿ.

ಮನೆಗೆ ತಂದು ಕೀಸುವಾಗ ಹತ್ತನೇ ಮೊಳೆ ಸಿಕ್ಕಿತು. ಟಕ್ ಅಂತ ಸದ್ದು, ಕೀಸುಳಿಯ ಅಲಗಿನ ಮೂಲೆ ಹಾರಿತು. ಹೊಸ ಅಲಗಿಗೆ 220 ರೂಪಾಯಿ. ಮೊಳೆ ಒಳಗೆ ಹೂತಿದ್ದರಿಂದ ಅಯಸ್ಕಾಂತಕ್ಕೆ ಸಿಕ್ಕಿರಲಿಲ್ಲ. ಆದರೆ ಅದರ ಸುತ್ತ ಮರದಲ್ಲಿ ನೀಲಿಗಪ್ಪು ಕಲೆ ಇತ್ತು. ಅದನ್ನು ನೋಡಿಯೂ ಹೊಗೆಯ ಕಲೆ ಅಂದುಕೊಂಡಿದ್ದೆ. ಹಳೇ ಮರದಲ್ಲಿ ಅಂಥ ಕಲೆ ಕಂಡರೆ ಅಲ್ಲೇ ನಿಲ್ಲಿಸಿ, ಉಳಿಯ ತುದಿಯಿಂದ ಕೆದಕಿ ನೋಡಿ.

4. ಜೂನ್ 8: ಮೊದಲ ಗುಳಿ, ಮೊದಲ ಗಾಯ

ಚಪ್ಪಟೆ ಉಳಿಯಿಂದ ಗುಂಡು ಗುಳಿ ಬರುವುದಿಲ್ಲ. ಬಾಯಿ ಬಾಗಿದ ಉಳಿ ಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ತೀರಾ ಚಿಕ್ಕದು, ಗೊಂಬೆ ಕೆತ್ತುವಂಥದ್ದು. ಆಲ್ದೂರಿನಲ್ಲಿ ನನಗೆ ಗೊತ್ತಿರುವ ಆಚಾರ್ರು ಕುಲುಮೆಗೆ ಕರೆದುಕೊಂಡು ಹೋದರು. ಹಳೇ ಅರವನ್ನು ಕಾಯಿಸಿ, ಬಡಿದು, ಮುಕ್ಕಾಲು ಇಂಚು ಅಗಲದ ಬಾಗಿದ ಉಳಿ ಮಾಡಿಕೊಟ್ಟರು. ಹಿಡಿ ಸೇರಿ 350 ರೂಪಾಯಿ. ಇಡೀ ಕೆಲಸದಲ್ಲಿ ಅತಿ ಸಾರ್ಥಕವಾದ ಖರ್ಚು ಇದು.

ನಡುವಿನ ಮರ ತೆಗೆಯಲು ಡ್ರಿಲ್ಲಿಗೆ 35 ಮಿಲಿಮೀಟರಿನ ಬಿಟ್ ತಂದೆ, 180 ರೂಪಾಯಿ. ಅಡುಗೆಮನೆ ಕಪಾಟಿನ ಬಾಗಿಲಿಗೆ ಹಿಂಜ್ ಕೂರಿಸಲು ಬಳಸುತ್ತಾರಲ್ಲ, ಅದೇ. ಸೀಳಿದ ಸಿಲ್ವರ್ ಹಲಗೆಯಲ್ಲಿ ಮೊದಲು ಪ್ರಯೋಗ ಮಾಡಿದ್ದು ಒಳ್ಳೇದಾಯಿತು. ಪೂರ್ತಿ ಮುಕ್ಕಾಲು ಇಂಚು ಕೊರೆದರೆ ಬಿಟ್ಟಿನ ನಡುವಿನ ಮುಳ್ಳು ತಳದಲ್ಲಿ ತೂತು ಬಿಡುತ್ತದೆ, ಅದು ಆಮೇಲೆ ಹೋಗುವುದೇ ಇಲ್ಲ. ಹಾಗಾಗಿ ಅರ್ಧ ಇಂಚಿಗೆ ನಿಲ್ಲಿಸಬೇಕು. ಬಿಟ್ಟಿನ ಮೇಲೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡೆ. ಉಳಿದ ಕಾಲು ಇಂಚನ್ನು ಉಳಿಯಿಂದ ತೋಡುವಾಗ ಮುಳ್ಳಿನ ಗುರುತೂ ಅದರ ಜೊತೆ ಹೋಗುತ್ತದೆ.

ಹಲಸಿನ ಮೊದಲ ಗುಳಿಗೆ ಒಂದು ಗಂಟೆ ಹಿಡಿಯಿತು. ಎರಡನೆಯದರಲ್ಲಿ ಕೈ ಕೊಯ್ದುಕೊಂಡೆ. ಹಲಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಳಿ ತಳ್ಳುತ್ತಿದ್ದೆ. ಉಳಿ ಜಾರಿ ಎಡ ಅಂಗೈಗೆ ನುಗ್ಗಿತು. ಎರಡು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಆ ದಿನದ ಕೆಲಸ ಬಂದ್. ಹಲಗೆಯನ್ನು ಕೈಯಲ್ಲಿ ಹಿಡಿದು ಕೆತ್ತಬೇಡಿ. ಮುಂದಿನ ವಾರ ಬೆಂಚಿನ ಮೇಲೆ ಎರಡು ರೀಪು ಹೊಡೆದು, ಅವುಗಳ ನಡುವೆ ಹಲಗೆ ಸಿಗಿಸಿ, ಬೆಣೆ ಬಡಿದು ಕೂರಿಸಿದೆ. ಎರಡೂ ಕೈ ಉಳಿಯ ಹಿಂದೆ ಇದ್ದರೆ ಕೊಯ್ದುಕೊಳ್ಳುವ ದಾರಿಯೇ ಇಲ್ಲ. ಹತ್ತು ನಿಮಿಷದ ಕೆಲಸ ಅದು. ಮೊದಲೇ ಮಾಡಬೇಕಿತ್ತು.

5. ಜೂನ್ 15: ಆಕಾರ ತಪ್ಪು ಅಂತ ಗೊತ್ತಾಯಿತು

ಐದು ಗುಳಿ ಮುಗಿದಿತ್ತು. ಕಾರ್ಡ್‌ಬೋರ್ಡ್ ಅಚ್ಚು ಇಟ್ಟು ನೋಡಿಕೊಂಡೇ ಕೆತ್ತಿದ್ದೆ. ಎಲ್ಲವೂ ಬಟ್ಟಲಿನ ಹಾಗೆ ಗುಂಡಗೆ, ಒಂದೇ ಸಮ. ನೋಡಲು ಬಹಳ ಚೆನ್ನಾಗಿತ್ತು. ಅಡುಗೆಮನೆಯಿಂದ ಹುಣಸೆ ಬೀಜ ತಂದು ಐದೈದು ಹಾಕಿ ಬಾಚಿ ನೋಡಿದೆ. ಮೂರು ಕೈಗೆ ಬಂದವು, ಎರಡು ಉಳಿದವು. ಮತ್ತೆ ಬಾಚಿದೆ. ಒಂದು ಉಳಿಯಿತು. ಬೆರಳು ತಳಕ್ಕೆ ಮುಟ್ಟುತ್ತಿತ್ತು, ಆದರೆ ಬೀಜ ಬೆರಳ ಜೊತೆ ಮೇಲೆ ಬರುವ ಬದಲು ಜಾರಿ ಮತ್ತೆ ನಡುವಿಗೇ ಬೀಳುತ್ತಿತ್ತು.

ಅಳಗುಳಿಯಲ್ಲಿ ಒಂದು ಸರದಿಗೆ ಎಷ್ಟು ಗುಳಿ ಬಾಚಬೇಕು ನೋಡಿ. ಕೈಯಲ್ಲಿದ್ದ ಕಾಯಿ ಮುಗಿದ ಕೂಡಲೇ ಮುಂದಿನ ಗುಳಿಯದ್ದನ್ನು ಎತ್ತಿಕೊಂಡು ಹಂಚುತ್ತಾ ಹೋಗಬೇಕು. ಪ್ರತಿ ಸಲ ಒಂದೊಂದು ಬೀಜಕ್ಕೆ ತಡಕಾಡಿದರೆ ಆಟದ ಓಟವೇ ನಿಂತುಹೋಗುತ್ತದೆ.

ಆ ಮಧ್ಯಾಹ್ನವೇ ಬೈಕ್ ಹತ್ತಿ ಕಳಸದ ದೊಡ್ಡಮ್ಮನ ಮನೆಗೆ ಹೋದೆ. ಅವರ ಹತ್ತಿರ ಅಜ್ಜಿಯ ಕಾಲದ ಇನ್ನೊಂದು ಮಣೆ ಇದೆ. ಮನೆಯಿಂದ ಆಚೆ ಕೊಡಲ್ಲ ಅಂದರು, ಅಲ್ಲೇ ಕೂತು ಎಷ್ಟು ಬೇಕಾದರೂ ನೋಡ್ಕೋ ಅಂದರು. ಸ್ಕೇಲು ಇಟ್ಟು ಅಳೆದೆ. ಹದಿನಾಲ್ಕರಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಬಾಯಿ 54ರಿಂದ 60 ಮಿಲಿಮೀಟರ್, ಆಳ 16ರಿಂದ 19. ಒಳಗಿನ ಆಕಾರ ಸ್ಕೇಲಿಗೆ ಸಿಗುವಂಥದ್ದಲ್ಲ. ದೊಡ್ಡಮ್ಮ ಚಪಾತಿ ಹಿಟ್ಟು ಕಲಸುತ್ತಿದ್ದರು. ಒಂದು ಉಂಡೆ ಕೇಳಿ ಇಸಿದುಕೊಂಡೆ. ಗುಳಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಸಿ, ಮೇಲೆ ಹಿಟ್ಟು ಒತ್ತಿ, ಮೆಲ್ಲಗೆ ಎತ್ತಿ, ದಾರದಿಂದ ನಡುವೆ ಕತ್ತರಿಸಿದೆ. ಕತ್ತರಿಸಿದ ಮುಖವನ್ನು ರಟ್ಟಿನ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ.

ಆ ಗೆರೆ ಬಟ್ಟಲಿನದ್ದಲ್ಲ. ತಳ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹೆಚ್ಚುಕಮ್ಮಿ ಚಪ್ಪಟೆ. ಎದುರಿನ ಗೋಡೆ ಕಡಿದಾಗಿದೆ. ಆಡುವವರು ಕೂರುವ ಕಡೆಯ ಗೋಡೆ ಮಾತ್ರ ಕೆರೆಯ ಏರಿಯ ಇಳಿಜಾರಿನ ಹಾಗೆ ನಿಧಾನವಾಗಿ ಮೇಲೆ ಬರುತ್ತದೆ. ಬೆರಳುಗಳು ಎದುರು ಗೋಡೆಯಿಂದ ಇಳಿದು, ತಳ ಸವರಿ, ಈ ಇಳಿಜಾರಿನ ಮೇಲೆ ಕಾಯಿಗಳನ್ನು ಎಳೆದುಕೊಂಡು ಬರುತ್ತವೆ. ಎರಡೂ ಹಲಗೆಗಳಲ್ಲಿ ಇಳಿಜಾರು ಅವರವರು ಕೂರುವ ಕಡೆಗೇ ಇದೆ. ಮಾಡಿದವರು ಹಾಗೆ ಕೆತ್ತಿದರೋ ಅಂತ ದೊಡ್ಡಮ್ಮನನ್ನು ಕೇಳಿದೆ.

"ಕೆತ್ತಿದ್ದಲ್ಲ ಕಣೋ, ಸವೆದಿದ್ದು. ನಿಮ್ಮಜ್ಜಿ ಬೆರಳು, ನನ್ನ ಬೆರಳು, ನಿಮ್ಮಮ್ಮನ ಬೆರಳು. ಹೊಸದ್ರಲ್ಲಿ ಇದೂ ಕಾಯಿ ಬಿಡ್ತಿರ್ಲಿಲ್ಲ."

ಆ ಮಾತು ಕೇಳಿ ನಾನು ಸುಮ್ನೆ ಕೂತುಬಿಟ್ಟೆ. ಹೆಬ್ಬೆರಳಿಂದ ಆ ಅಂಚು ಸವರಿದೆ. ಪಾಲಿಶ್ ಇಲ್ಲದೆಯೂ ಗಾಜಿನ ಹಾಗೆ ನುಣುಪು. ಸಂಜೆ ಮಳೆಯಲ್ಲಿ ವಾಪಸ್ ಬರುವಾಗ ರಟ್ಟಿನ ಅಚ್ಚನ್ನು ಎರಡು ಕವರ್ ಸುತ್ತಿ ಜರ್ಕಿನ್ನಿನ ಒಳಗೆ ಇಟ್ಟುಕೊಂಡಿದ್ದೆ.

6. ಜೂನ್ 22 ಮತ್ತು 29: ಹದಿನಾಲ್ಕು ಗುಳಿ

ಹೊಸ ಅಚ್ಚಿನ ಪ್ರಕಾರ ಹಳೇ ಐದು ಗುಳಿಗಳ ಒಂದು ಗೋಡೆಯನ್ನು ಇಳಿಜಾರು ಮಾಡಿದೆ. ಅದಕ್ಕೆ ಬಾಯಿ ಆ ಕಡೆ ಸ್ವಲ್ಪ ಅಗಲವಾಯಿತು. ಅಂಚಿನಲ್ಲಿ ಜಾಗ ಇದ್ದದ್ದರಿಂದ ತೊಂದರೆಯಾಗಲಿಲ್ಲ.

ಕೈಗೆ ಕೂತ ಕ್ರಮ ಇದು. ಉಳಿಯನ್ನು ಯಾವಾಗಲೂ ಅಂಚಿನಿಂದ ತಳದ ಕಡೆಗೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಆ ಕಡೆಯ ಗೋಡೆ ಹತ್ತಿಸಬಾರದು. ಹತ್ತಿಸಿದರೆ ಮರದ ಎಳೆ ಕಿತ್ತು ಬರುತ್ತದೆ. ಹಲಗೆ ತಿರುಗಿಸಿ, ಆ ಕಡೆಯಿಂದಲೂ ಇಳಿಸಿಕೊಂಡು ಬಂದು ನಡುವೆ ಸೇರಿಸಬೇಕು. ನಾಲ್ಕು ಗುಳಿಗೊಮ್ಮೆ ಉಳಿ ಮಸೆಯಬೇಕು. ಹಲಸು ಒಣಗಿದ ಮೇಲೆ ಗಟ್ಟಿ. ಮೊಂಡು ಉಳಿಗೆ ಜೋರು ಜಾಸ್ತಿ ಬೇಕು, ಜೋರು ಹಾಕಿದಾಗಲೇ ಉಳಿ ಜಾರುವುದು.

ಎರಡನೇ ಹಲಗೆಯ ಐದು ಮತ್ತು ಆರನೇ ಗುಳಿಯ ನಡುವೆ ಒಂದು ಗಂಟು ಇತ್ತು. ಕೊಡತಿ ಏಟಿಗೆ ಗಂಟಿನ ಪಕ್ಕದ ಗೋಡೆ ಬೆರಳುದ್ದ ಚಕ್ಕೆಯಾಗಿ ಹಾರಿತು. ಚಕ್ಕೆ ಹುಡುಕಿ, ಫೆವಿಕಾಲ್ ಹಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಮುಂದಿನ ವಾರದವರೆಗೆ ಬಿಟ್ಟೆ. ಈಗ ಹುಡುಕಿದರೂ ಗೆರೆ ಕಾಣುವುದು ಕಷ್ಟ. ಗಂಟಿರುವ ಕಡೆ ಕೊಡತಿ ಬೇಡ, ಅಂಗೈಯಲ್ಲಿ ತಳ್ಳಿ ತೆಳುವಾಗಿ ಕೀಸಿದರೆ ಸಾಕು.

ಕೊನೆಯ ಗುಳಿಗಳು ಇಪ್ಪತ್ತೈದು ನಿಮಿಷಕ್ಕೆ ಒಂದರಂತೆ ಮುಗಿದವು. ತಂಗಿ 27ಕ್ಕೇ ಬಂದಿದ್ದಳು. ಗೆದ್ದಲು ತಿಂದ ಮಣೆಯ ವಿಷಯ ಹೇಳಿದೆ. ಅವಳು ಕೆತ್ತಿದ ಹಲಗೆ ತೊಡೆಯ ಮೇಲಿಟ್ಟುಕೊಂಡು ಒಂದೊಂದು ಗುಳಿಯಲ್ಲೂ ಬೆರಳಾಡಿಸಿ, "ಇದು ಚುಚ್ಚುತ್ತೆ, ಇದು ಸರಿ, ಇದು ಚುಚ್ಚುತ್ತೆ" ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟಳು. ನನ್ನ ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಸಿಕ್ಕಿತು.

7. ಜುಲೈ 6: ಉಜ್ಜುವುದು, ಎಣ್ಣೆ

ಗುಳಿಯೊಳಗೆ ಉಜ್ಜಲು ರಬ್ಬರ್ ಚೆಂಡನ್ನು ಅರ್ಧ ಕತ್ತರಿಸಿ, ಅದಕ್ಕೆ ಪಾಲಿಶ್ ಪೇಪರ್ ಸುತ್ತಿಕೊಂಡೆ. ಚೆಂಡು 40 ರೂಪಾಯಿ. ಪೇಪರ್ 80, 120, 220 ನಂಬರಿನವು, ಒಟ್ಟು ಐದು ಹಾಳೆ, 100 ರೂಪಾಯಿ. 80ರಲ್ಲಿ ಉಳಿಯ ಗೆರೆ ಪೂರ್ತಿ ಹೋಗುವ ಮೊದಲೇ 120ಕ್ಕೆ ಹಾರಿದರೆ ಆ ಗೆರೆಗಳು ಎಣ್ಣೆ ಹಚ್ಚಿದಾಗ ಎದ್ದು ಕಾಣುತ್ತವೆ. ಮೂರು ಗುಳಿಗಳಲ್ಲಿ ಹೀಗಾಗಿ ಮತ್ತೆ ಮೊದಲಿಂದ ಉಜ್ಜಿದೆ.

ಮೊದಲು ಹೊರಮೈಗೆ ವಾರ್ನಿಶ್ ಬಳಿದೆ. ಡಬ್ಬಿಗೆ 210 ರೂಪಾಯಿ. ಹೊರಗೆ ಬಿಡದ ಮಳೆ, ಒಳಗೆ ಗೋಡೆಯೇ ಬೆವರುತ್ತಿತ್ತು. ಮೂರು ದಿನವಾದರೂ ಅಂಟಂಟು, ಬೆರಳಚ್ಚು ಮೂಡುತ್ತಿತ್ತು ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಪೂರ್ತಿ ಕೆರೆದು ತೆಗೆದೆ. ಮಲೆನಾಡಿನ ಮಳೆಗಾಲದಲ್ಲಿ ವಾರ್ನಿಶ್ ಕೆಲಸ ಬೇಡ. ಕೊಬ್ಬರಿ ಎಣ್ಣೆ ಒಣಗುವ ಜಾತಿಯದ್ದಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ 120 ರೂಪಾಯಿಯದ್ದು, ಜೇನುಮೇಣ 80 ರೂಪಾಯಿಯದ್ದು ತಂದೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಮೇಣ ಹಾಕಿ, ಪಾತ್ರೆಯನ್ನು ಬಿಸಿನೀರಿನೊಳಗಿಟ್ಟು ಕರಗಿಸಿದೆ. ಬಟ್ಟೆಯಲ್ಲಿ ತೀರಾ ತೆಳುವಾಗಿ ತಿಕ್ಕಿ, ಅರ್ಧ ಗಂಟೆಯ ಮೇಲೆ ಮಿಕ್ಕಿದ್ದನ್ನು ಒರೆಸಿಬಿಟ್ಟೆ. ಅರಿಶಿನ ಬಣ್ಣ ಜೇನಿನ ಬಣ್ಣಕ್ಕೆ ತಿರುಗಿತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹರಡಿ ಒಣಹಾಕಿ.

8. ಜುಲೈ 13: ಹಿಂಜ್

ಎರಡಿಂಚಿನ ಹಿತ್ತಾಳೆ ಹಿಂಜ್ ಒಂದು ಜೊತೆ 90, ಸ್ಕ್ರೂ 20 ರೂಪಾಯಿ. ಹಲಗೆಗಳನ್ನು ಬೋರಲು ಹಾಕಿ ತಳದ ಕಡೆಯಿಂದ ಹಿಂಜ್ ಹೊಡೆದೆ. ತಿರುಗಿಸಿ ಮಡಚಲು ಹೋದರೆ ಬೆನ್ನಿಗೆ ಬೆನ್ನು ಸೇರುತ್ತಿದೆ, ಗುಳಿಗಳು ಹೊರಗೆ! ಗುಳಿಗಳು ಮುಖಾಮುಖಿ ಮುಚ್ಚಬೇಕಾದರೆ ಹಿಂಜಿನ ಕೀಲು ಆಡುವ ಮೇಲ್ಮೈಯ ಮಟ್ಟದಲ್ಲೇ ಇರಬೇಕು. ಎಲ್ಲ ಬಿಚ್ಚಿ, ಹಲಗೆಗಳು ಒಂದಕ್ಕೊಂದು ತಾಗುವ ಅಂಚಿನಲ್ಲಿ ಹಿಂಜಿನ ಎಲೆ ಕೂರುವಷ್ಟು ಒಂದೂವರೆ ಮಿಲಿಮೀಟರ್ ಕಚ್ಚು ತೆಗೆದು, ಕೀಲು ಮೇಲಕ್ಕೆ ಬರುವ ಹಾಗೆ ಹೊಡೆದೆ. ತಳದ ಎಂಟು ತೂತಿಗೆ ಹಲಸಿನ ಪುಡಿ, ಫೆವಿಕಾಲ್ ಕಲಸಿ ತುಂಬಿದೆ. ಮುಚ್ಚಿಡಲು ಹಳೇ ಟ್ರಂಕಿನಿಂದ ಒಂದು ಕೊಂಡಿ.

ತುದಿಗಳಿಗೆ ಮೀನಿನ ಆಕಾರ ಕೊಡಬೇಕು ಅಂತ ಇತ್ತು, ಅಜ್ಜಿಯ ಮಣೆಯಲ್ಲಿದ್ದ ಹಾಗೆ. ದಿನ ಸಾಲದೆ ಬಿಟ್ಟೆ.

9. ಜುಲೈ 20: ಕಾಯಿ

ಕಾಫಿ ಬೀಜ ಹಾಕಿ ನೋಡಿದೆವು. ಒಂದು ಮುಖ ಚಪ್ಪಟೆ, ತೀರಾ ಹಗುರ, ಬೆರಳಿಗೆ ಸಿಗುವುದಿಲ್ಲ. ಹುಣಸೆ ಬೀಜ ಪರವಾಗಿಲ್ಲ. ಗುಲಗಂಜಿ ನೋಡಲು ಚಂದ, ಆದರೆ ಬೀಜದೊಳಗೆ ಕಡು ವಿಷ ಇದೆ. ಮಕ್ಕಳು ಕಚ್ಚಿ ಜಗಿದರೆ ಪ್ರಾಣಕ್ಕೇ ಅಪಾಯ, ಮನೆಯೊಳಗೆ ಬೇಡವೇ ಬೇಡ. ಸರಿಯಾಗಿ ಕೂತಿದ್ದು ಮಂಜೊಟ್ಟಿ. ಕಡುಗೆಂಪು, ನುಣುಪು, ಎರಡೂ ಕಡೆ ಉಬ್ಬು. ದೊಡ್ಡಮ್ಮ ಒಂದು ಡಬ್ಬಿ ತುಂಬಾ ಕಳಿಸಿದ್ದರು. ಅಡುಗೆಮನೆ ತಕ್ಕಡಿಯಲ್ಲಿ 70 ಕಾಯಿ ತೂಗಿದರೆ 19 ಗ್ರಾಂ. ಕಳೆದುಹೋದರೆ ಇರಲಿ ಅಂತ ಹತ್ತು ಜಾಸ್ತಿ ಇಟ್ಟೆ.

ಖರ್ಚು: ಉಳಿ, ಬಿಟ್, ಮಿಲ್, ಹಿಂಜ್, ಸ್ಕ್ರೂ, ಪೇಪರ್, ಚೆಂಡು, ಎಣ್ಣೆ, ಮೇಣ ಸೇರಿ 1,130 ರೂಪಾಯಿ. ತಪ್ಪಿನಿಂದ ಹೋಗಿದ್ದು, ಅಂದರೆ ಕೀಸುಳಿ ಅಲಗು ಮತ್ತು ವಾರ್ನಿಶ್, 430. ಒಟ್ಟು 1,560. ಸಮಯ ಸುಮಾರು 40 ಗಂಟೆ.

ಭೀಮನ ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ, ಭಾವ ಕರೆದುಕೊಂಡು ಹೋಗಲು ಬರುತ್ತಾರೆ. ಸಂಜೆ ಐದಕ್ಕೇ ಕತ್ತಲಾಗಿ ಕರೆಂಟ್ ಹೋಯಿತು. ಜಗಲಿಯಲ್ಲಿ ಚಾರ್ಜರ್ ಲೈಟ್ ಇಟ್ಟುಕೊಂಡು ಕೂತೆವು. ತಂಗಿ ಮೊದಲ ಗುಳಿ ಬಾಚಿದಳು. ಐದೂ ಕಾಯಿ ಒಂದೇ ಸಲಕ್ಕೆ ಬಂದವು. ಹಂಚುತ್ತಾ ಹೋದ ಹಾಗೆ ಹಲಸಿನ ಮೇಲೆ ಮಂಜೊಟ್ಟಿ ಬೀಳುವ ಟಿಕ್ ಟಿಕ್ ಸದ್ದಿಗೆ ಅಮ್ಮ ಒಳಗಿಂದ ಎದ್ದು ಬಂದರು. ಏಳನೇ ಗುಳಿಯಲ್ಲಿ ಮಾತ್ರ ಒಂದು ಕಾಯಿ ಉಳಿಯುತ್ತಿದೆ.

"ಅದನ್ನ ಉಜ್ಜಬೇಡ ಅಣ್ಣಾ, ನಾವೇ ಸವೆಸೋಣ," ಅಂದಳು.